‘ಹೆಂಡತಿಯೇ ಯಾಕೆ ಜೇಡ ಆಗಬೇಕು, ಸರ್?’

ಪ್ರಶ್ನೆ:

ನಾನು ಮಂಗಳೂರಿನ ಬಿಜೈಯಲ್ಲಿದ್ದೇನೆ. ಬ್ಯಾಂಕ್ ಕೆಲಸ. ಈಗ ಐದು ತಿಂಗಳ ಬಸುರಿ. ಹೋದ ತಿಂಗಳು ಒಂದು ಶನಿವಾರ ರಾತ್ರಿ ಜೋರು ಮಳೆ. ಗಂಡನ ಗೆಳೆಯರು ಮನೆಗೆ ಬಂದಿದ್ದರು. ಆರು ಜನ ಕೂತು ‘ಎನಿಮಿ’ ಅನ್ನುವ ಇಂಗ್ಲಿಷ್ ಸಿನಿಮಾ ನೋಡಿದೆವು. ಒಬ್ಬ ಮೇಷ್ಟ್ರಿಗೆ ತನ್ನ ಹಾಗೇ ಇರುವ ಇನ್ನೊಬ್ಬ ಸಿಗುವ ಕಥೆ. ಮುಗಿದ ಮೇಲೆ ಒಬ್ಬೊಬ್ಬರದ್ದು ಒಂದೊಂದು ಮಾತು. ನನ್ನ ಗಂಡ, ‘ಇಬ್ಬರೂ ಒಬ್ಬನೇ, ಅವನಿಗೆ ಸ್ಕಿಜೋಫ್ರೇನಿಯಾ’ ಅಂದರು. ಅವರ ಗೆಳೆಯ, ‘ಅವಳಿ ಮಕ್ಕಳು, ಅಮ್ಮ ಮುಚ್ಚಿಟ್ಟಿದ್ದಾಳೆ’ ಅಂದ. ಇನ್ನೊಬ್ಬ, ‘ಜೇಡಗಳು ಊರನ್ನೇ ಆಳ್ತಾ ಇವೆ, ಇದು ಸರ್ವಾಧಿಕಾರದ ಕಥೆ’ ಅಂತ ವಾದಿಸಿದ. ಒಬ್ಬಳು ನಿದ್ದೆ ಮಾಡಿದ್ದಳು. ಮತ್ತೊಬ್ಬ, ‘ಎಂತ ಸಾವು ಮಾರಾಯ ಇದು, ಡೈರೆಕ್ಟರ್‌ಗೇ ಅರ್ಥ ಆಗ್ಲಿಲ್ಲ’ ಅಂದ. ನಾನು ಒಂದೇ ಕೇಳಿದ್ದು: ಕೊನೆಗೆ ಬಸುರಿ ಹೆಂಡತಿಯೇ ಯಾಕೆ ಜೇಡ ಆಗಬೇಕು? ಎಲ್ಲರೂ ನಕ್ಕರು. ‘ನಿನಗೆ ಅರ್ಥ ಆಗಿಲ್ಲ’ ಅಂದರು ನನ್ನವರು. ಲೈಟ್ ಆಫ್ ಮಾಡಲು ಬಂದ ಅತ್ತೆ ಕೊನೆಯ ದೃಶ್ಯ ನೋಡಿ, ‘ಅಯ್ಯೋ ಪಾಪ, ಅದಕ್ಕೇ ಹೆದರಿಕೆ ಆಗಿದೆ’ ಅಂದರು. ಅದಕ್ಕೂ ನಗು. ಆಮೇಲೆ, ಬಸುರಿ ಇಂಥದ್ದೆಲ್ಲ ನೋಡಬಾರದು ಅಂತ ನನಗೆ ಬೈದರು. ನಾಲ್ಕು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಈ ಸಿನಿಮಾದ ನಿಜವಾದ ಅರ್ಥ ಏನು? ಇದು ಹೆಂಗಸರನ್ನು ದ್ವೇಷಿಸುವ ಚಿತ್ರವಾ? ಇನ್ನೊಂದು ಸಲ ನೋಡಬೇಕಾ, ಬಿಟ್ಟುಬಿಡಬೇಕಾ?

ಉತ್ತರ:

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಕ್ಷಮಿಸಿ. ನಾನು ಉಡುಪಿಯಲ್ಲಿ ವಾರಾಂತ್ಯಕ್ಕೆ ಸಿನಿಮಾ ನೋಡುವ ಬಗೆ ಕಲಿಸುವ ಸಣ್ಣ ತರಗತಿ ನಡೆಸುತ್ತೇನೆ. ಈ ಚಿತ್ರವನ್ನು ಅಲ್ಲಿ ನಾಲ್ಕು ಸಲ ತೋರಿಸಿದ್ದೇನೆ. ನಾಲ್ಕು ಸಲವೂ ಜಗಳ. ಮೊದಲ ಸಲವಂತೂ ಚಿತ್ರ ಶುರುವಾಗಿ ಹತ್ತು ನಿಮಿಷಕ್ಕೆ ಹಿಂದಿನ ಸಾಲಿನ ಒಬ್ಬರು ಎದ್ದು ಬಂದು ಕಿವಿಯಲ್ಲಿ, ‘ಪ್ರೊಜೆಕ್ಟರಿನ ಲ್ಯಾಂಪ್ ಹೋಗ್ಲಿಕ್ಕಾಯ್ತು ಕಾಣ್ತದೆ, ಎಲ್ಲ ಹಳದಿ ಹಳದಿ’ ಅಂದರು. ಆ ಹಳದಿ ಚಿತ್ರದ್ದೇ ಅಂತ ನನಗೆ ಗೊತ್ತು. ಆದರೂ ಹೋಗಿ ವಯರ್ ಅಲ್ಲಾಡಿಸಿ ಬಂದೆ. ಈ ಸಿನಿಮಾ ಮಾಡುವುದೇ ಅದನ್ನು. ಗೊತ್ತಿದ್ದವರಿಗೂ ಒಂದು ಸಣ್ಣ ಅನುಮಾನ ಹುಟ್ಟಿಸುತ್ತದೆ.

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಇವೆ. ಆದರೆ ಚುಚ್ಚಿದ್ದು ‘ನಿನಗೆ ಅರ್ಥ ಆಗಿಲ್ಲ’ ಅನ್ನುವ ಮಾತು, ಅಲ್ವಾ? ಅದಕ್ಕೆ ಬರುತ್ತೇನೆ. ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಎಲ್ಲ ಕಥೆಯೂ ಬಯಲಾಗುತ್ತದೆ.

ಮೊದಲು ನಿಮ್ಮ ಅತ್ತೆಯ ಬೈಗುಳ. ಬಸುರಿ ನೋಡಿದ ಚಿತ್ರ ಮಗುವಿಗೆ ಅಂಟಿಕೊಳ್ಳುತ್ತದೆ ಅನ್ನುವುದು ಹಳೇ ನಂಬಿಕೆ. ತೆರೆಯ ಮೇಲಿನ ಜೇಡ ಮಗುವಿನ ತನಕ ಹೋಗುವುದಿಲ್ಲ. ಆದರೆ ಅವರು ಹೇಳಿದ್ದರಲ್ಲಿ ಒಂದು ಬುದ್ಧಿಯ ಮಾತು ಇದೆ. ಈಗ ನಿಮಗೆ ನಿದ್ದೆ ಮುಖ್ಯ. ರಾತ್ರಿ ಹತ್ತು ಗಂಟೆ ಮೇಲೆ ಇಂಥ ಚಿತ್ರ ನೋಡಿದರೆ ಯಾರಿಗೂ ನಿದ್ದೆ ಕೆಡುತ್ತದೆ. ನಾನು ಡಾಕ್ಟರ್ ಅಲ್ಲ. ಈಗಲೂ ನಿದ್ದೆ ಸರಿಯಾಗಿಲ್ಲ, ಎದೆ ಡವಡವ ಅನ್ನುತ್ತದೆ ಅಂತಾದರೆ ನಿಮ್ಮನ್ನು ನೋಡುತ್ತಿರುವ ಡಾಕ್ಟರಮ್ಮನಿಗೆ ಹೇಳಿ. ಸಿನಿಮಾ ನೋಡಿ ಹೀಗಾಯ್ತು ಅಂತ ಹೇಳಲು ನಾಚಿಕೆ ಬೇಡ.

ಇನ್ನು ಚಿತ್ರಕ್ಕೆ ಬರೋಣ. ಇದು 2013ರದ್ದು. ನಿರ್ದೇಶಕ ಕೆನಡಾದ ಡೆನಿ ವಿಲ್ನೆವ್. ಜೇಕ್ ಜಿಲೆನ್‌ಹಾಲ್ ಎರಡೂ ಪಾತ್ರ ಮಾಡಿದ್ದಾನೆ: ಇತಿಹಾಸ ಪಾಠ ಮಾಡುವ ಆಡಮ್, ಸಣ್ಣಪುಟ್ಟ ಪಾತ್ರ ಮಾಡುವ ನಟ ಆಂಥನಿ. ಊರು ಟೊರಾಂಟೊ. ಬರೀ ಒಂದೂವರೆ ಗಂಟೆಯ ಚಿತ್ರ, ಆದರೆ ನೋಡುವಾಗ ಮೂರು ಗಂಟೆ ಅನ್ನಿಸುತ್ತದೆ. ನಿಮ್ಮ ಗೆಳತಿ ನಿದ್ದೆ ಮಾಡಿದ್ದರಲ್ಲಿ ತಪ್ಪೇನಿಲ್ಲ.

ಇದಕ್ಕೆ ಮೂಲ ಪೋರ್ಚುಗಲ್‌ನ ಜೋಸೆ ಸರಮಾಗೊ 2002ರಲ್ಲಿ ಬರೆದ ಕಾದಂಬರಿ. ಇವರಿಗೆ 1998ರಲ್ಲಿ ನೊಬೆಲ್ ಬಂದಿತ್ತು. ಕಾದಂಬರಿಯ ಇಂಗ್ಲಿಷ್ ಹೆಸರು ‘ದಿ ಡಬಲ್’. ತಮಾಷೆ ಅಂದರೆ ಅದೇ 2013ರಲ್ಲಿ ‘ದಿ ಡಬಲ್’ ಅಂತಲೇ ಬೇರೆ ಒಂದು ಸಿನಿಮಾವೂ ಬಂತು. ಅದು ದಾಸ್ತೊಯೆವ್‌ಸ್ಕಿ 1846ರಲ್ಲಿ ಬರೆದ ಕಥೆಯದ್ದು. ಎರಡೂ ಆ ವರ್ಷದ ಟೊರಾಂಟೊ ಚಿತ್ರೋತ್ಸವದಲ್ಲೇ ತೆರೆ ಕಂಡವು. ಡಬಲ್ ಬಗ್ಗೆ ಮಾಡಿದ ಚಿತ್ರಕ್ಕೂ ಒಂದು ಡಬಲ್! ನನ್ನ ತರಗತಿಯಲ್ಲಿ ಒಬ್ಬ ಹುಡುಗ ಅರ್ಧ ಗಂಟೆ ವಾದ ಮಾಡಿದ ಮೇಲೆ ಗೊತ್ತಾಯಿತು, ಅವನು ಓದಿಕೊಂಡು ಬಂದ ವಿವರಣೆ ಇನ್ನೊಂದು ಚಿತ್ರದ್ದು ಅಂತ. ಹಾಗಾಗಿ ಯಾರಾದರೂ ಜೋರಾಗಿ ಅರ್ಥ ಹೇಳಿದರೆ, ಯಾವ ಸಿನಿಮಾ ನೋಡಿದ್ದು ಅಂತ ಮೊದಲು ಕೇಳಿ.

ಒಬ್ಬನ ತದ್ರೂಪಿಗೆ ಹೇಳುವ ‘ಡಾಪಲ್‌ಗ್ಯಾಂಗರ್’ ಜರ್ಮನ್ ಪದ. ಜಾನ್ ಪಾಲ್ ಅನ್ನುವ ಲೇಖಕ 1796ರ ಕಾದಂಬರಿಯೊಂದರಲ್ಲಿ ಬಳಸಿದ ಮೇಲೆ ಅದು ಚಾಲ್ತಿಗೆ ಬಂತು. ಯುರೋಪಿನ ಜನಪದದಲ್ಲಿ ತನ್ನದೇ ರೂಪವನ್ನು ಕಣ್ಣಾರೆ ಕಂಡವನಿಗೆ ಕೇಡು, ಸಾವು ಹತ್ತಿರ ಅಂತ ನಂಬಿಕೆ. ನಮ್ಮಲ್ಲಿ ಇದು ಅಷ್ಟು ಭಯದ ಸಂಗತಿ ಅಲ್ಲ. ‘ಒಬ್ಬರ ಹಾಗೆ ಲೋಕದಲ್ಲಿ ಏಳು ಜನ ಇರ್ತಾರಂತೆ’ ಅಂತ ಹೇಳಿ ಚಹಾ ಕುಡಿಯುತ್ತೇವೆ. ಆ ಏಳಕ್ಕೂ ಆಧಾರ ಇಲ್ಲ ಬಿಡಿ, ಮಾತಿಗೆ ಹೇಳುವುದು.

ಈಗ ನಿಮ್ಮ ಮನೆಯ ಅಭಿಪ್ರಾಯಗಳನ್ನು ಒಂದೊಂದಾಗಿ ನೋಡೋಣ.

ಅವಳಿ ಮಕ್ಕಳ ವಾದ ಬೇಗ ಮುಗಿಯುತ್ತದೆ. ಹೋಟೆಲ್ ಕೋಣೆಯಲ್ಲಿ ಇಬ್ಬರೂ ಭೇಟಿಯಾದಾಗ ಆಂಥನಿ ಅಂಗಿ ಎತ್ತಿ ಗಾಯದ ಕಲೆ ತೋರಿಸುತ್ತಾನೆ. ಅದೇ ಜಾಗದಲ್ಲಿ ಆಡಮ್‌ಗೂ ಅದೇ ಕಲೆ. ಅವಳಿಗಳಿಗೆ ಮುಖ ಒಂದೇ ಇರಬಹುದು. ಆಮೇಲೆ ಆದ ಗಾಯ ಒಂದೇ ಇರುವುದಿಲ್ಲ. ಆಡಮ್ ನಡುಗಿ ಓಡಿಹೋಗುವುದು ಮುಖ ನೋಡಿ ಅಲ್ಲ, ಆ ಕಲೆ ನೋಡಿ.

ನಿಮ್ಮ ಗಂಡನ ವಾದ ಗಟ್ಟಿಯಾದದ್ದು. ಒಂದು ತಿದ್ದುಪಡಿ ಮಾತ್ರ. ಸ್ಕಿಜೋಫ್ರೇನಿಯಾ ಅಂದರೆ ಒಬ್ಬನಲ್ಲಿ ಇಬ್ಬರು ಇರುವುದು ಅಲ್ಲ. ಅದು ಸಿನಿಮಾಗಳು ಹರಡಿದ ತಪ್ಪು ಕಲ್ಪನೆ. ಇಲ್ಲದ ದನಿ ಕೇಳಿಸುವುದು, ಇಲ್ಲದ್ದನ್ನು ನಂಬುವುದು ಆ ಕಾಯಿಲೆಯ ಲಕ್ಷಣ. ಎರಡು ವ್ಯಕ್ತಿತ್ವದ ತೊಂದರೆ ಬೇರೆಯೇ. ಆ ಹೆಸರನ್ನು ಬದಿಗಿಟ್ಟು ‘ಇಬ್ಬರೂ ಒಬ್ಬನೇ’ ಅನ್ನುವುದನ್ನಷ್ಟೇ ತೆಗೆದುಕೊಂಡರೆ ಅದಕ್ಕೆ ಸಾಕಷ್ಟು ಆಧಾರ ಸಿಗುತ್ತದೆ. ಆಡಮ್ ಹತ್ತಿರ ಹರಿದ ಒಂದು ಫೋಟೋ ಇದೆ. ಅದೇ ಫೋಟೋ ಆಂಥನಿಯ ಮನೆಯಲ್ಲಿ ಇಡಿಯಾಗಿ ಇದೆ, ಪಕ್ಕದಲ್ಲಿ ಹೆಂಡತಿ ಹೆಲೆನ್. ತಾಯಿ, ಮೇಷ್ಟ್ರು ಮಗನಿಗೆ ಮೂರನೇ ದರ್ಜೆ ನಟನಾಗುವ ಹುಚ್ಚು ಬಿಡು ಅಂತಾಳೆ. ಬ್ಲೂಬೆರಿ ಹಣ್ಣು ಆಂಥನಿಗೆ ಇಷ್ಟ. ನನಗೆ ಇಷ್ಟ ಇಲ್ಲ ಅಂತ ಆಡಮ್ ಹೇಳಿದರೂ ತಾಯಿ ಒಪ್ಪುವುದಿಲ್ಲ. ನಿರ್ದೇಶಕರೇ ಇದು ಒಬ್ಬ ಗಂಡಸಿನ ಒಳಮನಸ್ಸಿನಿಂದ ಕಂಡ ಕಥೆ ಎಂಬರ್ಥದಲ್ಲಿ ಮಾತಾಡಿದ್ದಾರೆ.

ನಾನೂ ಬಹಳ ದಿನ ಇದನ್ನೇ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಎರಡು ಕಾಲಂ, ಆಡಮ್ ಒಂದು ಕಡೆ, ಆಂಥನಿ ಒಂದು ಕಡೆ, ನಡುವೆ ಬಾಣದ ಗುರುತು. ಬಹಳ ಚಂದ ಕಾಣುತ್ತಿತ್ತು. ಒಂದು ದಿನ ಮಣಿಪಾಲದಿಂದ ಬರುತ್ತಿದ್ದ, ಮಾತೇ ಆಡದ ಹುಡುಗಿಯೊಬ್ಬಳು ಕೈ ಎತ್ತಿದಳು. ‘ಸರ್, ಇಬ್ಬರೂ ಒಬ್ಬನೇ ಆದರೆ ಮೇರಿ ಯಾಕೆ ಉಂಗುರದ ಗುರುತು ನೋಡಿ ಹೆದರಿದಳು? ಅಷ್ಟು ದಿನ ಆ ಬೆರಳು ನೋಡಿರಲಿಲ್ಲವಾ?’ ಆಡಮ್‌ನ ಗೆಳತಿ ಮೇರಿ ಹಾಸಿಗೆಯಲ್ಲಿ, ಆಡಮ್ ಅಂತ ಹೇಳಿಕೊಂಡು ಬಂದ ಆಂಥನಿಯ ಬೆರಳಿನ ಬಿಳಿ ಗೆರೆ ನೋಡಿ ಚೀರುತ್ತಾಳೆ, ಇದು ಮದುವೆಯಾದವನ ಕೈ ಅಂತ. ನನ್ನ ಬಾಣದ ಗುರುತಿನಲ್ಲಿ ಆ ಗೆರೆಗೆ ಜಾಗ ಇರಲಿಲ್ಲ. ಅವತ್ತು ಡಸ್ಟರ್ ತೆಗೆದು ಬೋರ್ಡ್ ಒರೆಸಿದೆ. ಆಮೇಲೆ ಕಾಲಂ ಬರೆದಿಲ್ಲ.

ವಿಷಯ ಏನೆಂದರೆ ಚಿತ್ರ ಎರಡೂ ಸಾಕ್ಷಿಗಳನ್ನು ಬೇಕೆಂದೇ ಇಟ್ಟಿದೆ. ಕಾದಂಬರಿಯಲ್ಲಿ ಈ ಗೊಂದಲ ಇಲ್ಲ. ಅಲ್ಲಿ ಇಬ್ಬರೂ ನಿಜವಾಗಿ ಬೇರೆ ಬೇರೆ ಮನುಷ್ಯರು, ಕೊನೆಗೆ ಮೂರನೆಯವನೂ ಫೋನ್ ಮಾಡುತ್ತಾನೆ! ಸಿನಿಮಾ ಮಾಡಿದವರು ಆ ಖಚಿತತೆಯನ್ನು ತೆಗೆದುಹಾಕಿ, ಬದಲಿಗೆ ಜೇಡಗಳನ್ನು ತಂದರು.

ಬೆಂಚಿನ ದೃಶ್ಯ ನೆನಪಿದೆಯಾ? ನನ್ನ ಪ್ರಕಾರ ಇಡೀ ಚಿತ್ರ ಅದೊಂದರಲ್ಲಿ ಇದೆ. ಗಂಡನ ಮೇಲೆ ಅನುಮಾನ ಬಂದು ಹೆಲೆನ್ ಆಡಮ್ ಪಾಠ ಮಾಡುವ ಕಾಲೇಜಿಗೆ ಹೋಗುತ್ತಾಳೆ. ಹೊರಗೆ ಬೆಂಚಿನ ಮೇಲೆ ಕೂರುತ್ತಾಳೆ. ಆಡಮ್ ಬಂದು ಪಕ್ಕದಲ್ಲಿ ಕೂರುತ್ತಾನೆ. ಅವಳ ಪರಿಚಯ ಇಲ್ಲ. ಬಸುರಿ ಅಂತ ನೋಡಿ ಮರ್ಯಾದೆಯಿಂದ ಎಷ್ಟು ತಿಂಗಳು ಅಂತ ವಿಚಾರಿಸುತ್ತಾನೆ. ತನ್ನ ಗಂಡನ ಮುಖ, ತನ್ನ ಗಂಡನ ದನಿ, ಆದರೆ ಗುರುತೇ ಇಲ್ಲ. ಅವಳ ಕಣ್ಣಲ್ಲಿ ನೀರು ತುಂಬುತ್ತದೆ. ಅವನು ಎದ್ದು ಒಳಗೆ ಹೋಗುತ್ತಾನೆ. ಅವಳು ಮೊಬೈಲ್ ತೆಗೆದು ಗಂಡನಿಗೆ ಫೋನ್ ಮಾಡುತ್ತಾಳೆ. ಆಡಮ್ ಬಾಗಿಲ ಒಳಗೆ ಹೋಗಿ ಕಣ್ಣಿಗೆ ಮರೆಯಾಗುವುದಕ್ಕೂ ಆಚೆಯಿಂದ ಆಂಥನಿ ‘ಹಲೋ’ ಅನ್ನುವುದಕ್ಕೂ ಸರಿಹೋಗುತ್ತದೆ. ಒಂದು ಕ್ಷಣ ಮೊದಲು ಫೋನ್ ತೆಗೆದಿದ್ದರೆ ಇಬ್ಬರು ಅಂತ ಖಾತ್ರಿ. ಅವನು ಕಣ್ಣೆದುರೇ ಕಿವಿಗೆ ಫೋನ್ ಇಟ್ಟಿದ್ದರೆ ಒಬ್ಬನೇ ಅಂತ ಖಾತ್ರಿ. ನಿರ್ದೇಶಕ ಆ ಒಂದು ಕ್ಷಣವನ್ನು ನಮ್ಮ ಕೈಗೆ ಸಿಗದಂತೆ ಕತ್ತರಿಸಿದ್ದಾನೆ. ಇದು ಎಡವಟ್ಟು ಅಲ್ಲ. ಇಷ್ಟು ಲೆಕ್ಕ ಹಾಕಿದವನಿಗೆ ‘ಅರ್ಥ ಆಗ್ಲಿಲ್ಲ’ ಅಂತ ಹೇಳುವ ಹಾಗಿಲ್ಲ. ನಿಮ್ಮ ಮಾರಾಯರಿಗೆ ಇಷ್ಟು ತಿಳಿಸಿ.

ಸರ್ವಾಧಿಕಾರದ ವಾದವೂ ಗಾಳಿಯಲ್ಲಿ ಹುಟ್ಟಿದ್ದಲ್ಲ. ಆಡಮ್ ಪಾಠ ಮಾಡುವುದೇ ಅದನ್ನು: ಆಳುವವರು ಜನರನ್ನು ಹೇಗೆ ಹಿಡಿತದಲ್ಲಿ ಇಡುತ್ತಾರೆ, ಅದು ಇತಿಹಾಸದಲ್ಲಿ ಮತ್ತೆ ಮತ್ತೆ ಹೇಗೆ ಬರುತ್ತದೆ ಅಂತ. ಟ್ರಾಮ್ ತಂತಿಗಳು ಬಲೆಯ ಹಾಗೆ, ಊರ ಮೇಲೆ ಗಗನಚುಂಬಿ ಜೇಡ. ಆದರೆ ಆ ಪಾಠ ಊರಿಗೆ ಮಾತ್ರ ಅನ್ವಯ ಆಗುವುದಿಲ್ಲ. ಮತ್ತೆ ಮತ್ತೆ ಅದೇ ತಪ್ಪು ಮಾಡುವ ಮೇಷ್ಟ್ರಿಗೂ ಅನ್ವಯ ಆಗುತ್ತದೆ. ಪಾಪ, ಅವನಿಗೆ ತನ್ನ ಪಾಠ ತನಗೇ ಕೇಳಿಸುವುದಿಲ್ಲ. ಮೇಷ್ಟ್ರುಗಳ ಕಥೆ ಹೀಗೇ ಇರುತ್ತದೆ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಜೇಡದ ಬಗ್ಗೆ ಉಡುಪಿಯಲ್ಲಿ ಸಿಕ್ಕ ಒಂದು ಅರ್ಥ ಬೇರೆಲ್ಲೂ ಸಿಗಲಿಕ್ಕಿಲ್ಲ. ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರು ಚಿತ್ರ ಮುಗಿದ ಕೂಡಲೇ ಎದ್ದು ನಿಂತು ಮುಂಡಕೋಪನಿಷತ್ತಿನ ‘ಯಥೋರ್ಣನಾಭಿಃ ಸೃಜತೇ ಗೃಹ್ಣತೇ ಚ’ ಹೇಳಿದರು. ಜೇಡ ತನ್ನೊಳಗಿಂದ ನೂಲು ತೆಗೆದು ಮತ್ತೆ ಒಳಗೇ ಎಳೆದುಕೊಳ್ಳುವ ಹಾಗೆ ಈ ಲೋಕ ಹುಟ್ಟಿ ಲಯವಾಗುತ್ತದೆ ಅಂತ. ಕೇಳಲು ಬಹಳ ಸೊಗಸು. ಆದರೆ ಈ ಚಿತ್ರದ ಬಲೆ ಲೋಕವನ್ನು ಹೆಣೆಯುವುದಿಲ್ಲ, ಹಿಡಿದುಹಾಕುತ್ತದೆ. ಅಪಘಾತದಲ್ಲಿ ಒಡೆದ ಕಾರಿನ ಗಾಜು ಕೂಡ ಬಲೆಯಂತೆ ಕಾಣುತ್ತದೆ. ಹಾಗಾಗಿ ನಾನು ಒಪ್ಪಲಿಲ್ಲ. ಅವರು ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರ ಬಂದರು.

ಇನ್ನು ಕೆಲವರಿಗೆ ಆ ದೊಡ್ಡ ಜೇಡ ನೋಡಿದ ಕೂಡಲೇ ಒಟ್ಟಾವಾದ ರಾಷ್ಟ್ರೀಯ ಕಲಾ ಸಂಗ್ರಹಾಲಯದ ಎದುರಿನ ಕಂಚಿನ ಜೇಡ ನೆನಪಾಗುತ್ತದೆ. ಲೂಯೀಸ್ ಬೂರ್ಜ್ವಾ ಎಂಬ ಶಿಲ್ಪಿ 1999ರಲ್ಲಿ ಮಾಡಿದ್ದು, ಒಂಬತ್ತು ಮೀಟರಿಗೂ ಎತ್ತರ. ಹೆಸರು ‘ಮಮಾನ್’, ಅಂದರೆ ಅಮ್ಮ. ಹಳೇ ನೆಯ್ಗೆ ಚಿತ್ರಗಳನ್ನು ರಿಪೇರಿ ಮಾಡುತ್ತಿದ್ದ ತನ್ನ ತಾಯಿಯ ನೆನಪಿಗೆ ಮಾಡಿದ ಜೇಡ ಅದು. ಹೆದರಿಸಲು ಅಲ್ಲ, ಪ್ರೀತಿಯಿಂದ. ಜೇಡ ಅಂದ ಕೂಡಲೇ ರಾಕ್ಷಸಿ ಅಂತ ತೀರ್ಮಾನಿಸುವ ಮೊದಲು ಇದೂ ತಲೆಯಲ್ಲಿ ಇರಲಿ.

ಇಷ್ಟು ಜನ ಇಷ್ಟು ಥರ ಯಾಕೆ ಹೇಳುತ್ತಾರೆ? ಕಾರಣ ಸಿನಿಮಾದಲ್ಲಿ ಅರ್ಧ ಇದೆ, ಇನ್ನರ್ಧ ನಮ್ಮ ಅಭ್ಯಾಸದಲ್ಲಿ. ನಾವು ಡಬಲ್ ಕಥೆಗಳಲ್ಲೇ ಬೆಳೆದವರು. ದಮಯಂತಿಯ ಸ್ವಯಂವರದಲ್ಲಿ ಐವರು ನಳರು ಸಾಲಾಗಿ ನಿಂತಿದ್ದರು. ನಾಲ್ವರು ದೇವತೆಗಳು, ಒಬ್ಬ ಮನುಷ್ಯ. ದೇವತೆಗಳಿಗೆ ರೆಪ್ಪೆ ಮಿಟುಕುವುದಿಲ್ಲ, ಬೆವರಿಲ್ಲ, ನೆರಳಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ. ಬೆವರಿದವನಿಗೆ, ಹಾರ ಬಾಡಿದವನಿಗೆ ಅವಳು ಮಾಲೆ ಹಾಕಿದಳು. ವಾಲಿ ಸುಗ್ರೀವರು ಹೊಡೆದಾಡುವಾಗ ಯಾರು ಯಾರೆಂದು ರಾಮನಿಗೇ ಗೊತ್ತಾಗಲಿಲ್ಲ. ಎರಡನೇ ಸಲ ಸುಗ್ರೀವನ ಕೊರಳಿಗೆ ಹೂಬಳ್ಳಿ ಕಟ್ಟಿ ಕಳಿಸಿದರು. ಶಂಕರ್ ಗುರುವಿನಲ್ಲಿ ರಾಜ್‌ಕುಮಾರ್ ಮೂರು ಪಾತ್ರ ಮಾಡಿದರೂ ಯಾರು ಯಾರು ಅಂತ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಕಥೆಗಳಲ್ಲಿ ಎಷ್ಟೇ ಗೊಂದಲ ಆದರೂ ಕೊನೆಗೆ ಒಂದು ಗುರುತು ಸಿಗುತ್ತದೆ. ಯಕ್ಷಗಾನದಲ್ಲಂತೂ ಗೊಂದಲವೇ ಬೇಡ ಅಂತ ಮಾಯಾ ಶೂರ್ಪನಖಿಗೆ ಒಬ್ಬ ಕಲಾವಿದ, ಘೋರ ಶೂರ್ಪನಖಿಗೆ ಬಣ್ಣದ ವೇಷದ ಇನ್ನೊಬ್ಬ. ಒಬ್ಬಳೇ ಶೂರ್ಪನಖಿ, ಆಡುವವರು ಇಬ್ಬರು. ಈ ಸಿನಿಮಾ ಅದರ ಉಲ್ಟಾ. ಇಬ್ಬರು, ಆಡುವವನು ಒಬ್ಬ, ಹೂಬಳ್ಳಿ ಯಾರ ಕೊರಳಲ್ಲೂ ಇಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಆ ಹೂಬಳ್ಳಿ ಹುಡುಕುತ್ತಿದ್ದರು.

ನೀವು ಮಾತ್ರ ಬೇರೆ ಪ್ರಶ್ನೆ ಕೇಳಿದಿರಿ. ಅದಕ್ಕೇ ನಕ್ಕರು ಅಂತ ಕಾಣುತ್ತದೆ.

ಈಗ ಆ ಪ್ರಶ್ನೆ. ಹೆಂಡತಿಯೇ ಯಾಕೆ ಜೇಡ? ಇದಕ್ಕೆ ಚಿತ್ರದ ಮೊದಲ ದೃಶ್ಯಕ್ಕೆ ಹೋಗಬೇಕು. ಕತ್ತಲ ಕೋಣೆ, ಗಂಡಸರೇ ಕೂತ ಗುಟ್ಟಿನ ಕ್ಲಬ್. ನಮ್ಮ ನಾಯಕನೂ ಇದ್ದಾನೆ, ಬೆರಳ ಸಂದಿಯಿಂದ ನೋಡುತ್ತಿದ್ದಾನೆ. ತಟ್ಟೆಯ ಮೇಲೆ ಜೀವಂತ ಜೇಡ. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದ ಹೆಣ್ಣೊಬ್ಬಳು ಅದರ ಮೇಲೆ ಕಾಲು ಎತ್ತುತ್ತಾಳೆ. ಇಷ್ಟನ್ನು ತಲೆಯಲ್ಲಿ ಇಟ್ಟುಕೊಂಡು ಕೊನೆಯ ದೃಶ್ಯಕ್ಕೆ ಬನ್ನಿ. ಆಂಥನಿ ಮೇರಿಯ ಜೊತೆ ಕಾರು ಅಪಘಾತದಲ್ಲಿ ಸತ್ತಿದ್ದಾನೆ. ಆಡಮ್ ಅವನ ಮನೆಯಲ್ಲಿ, ಅವನ ಅಂಗಿಯಲ್ಲಿ, ಅವನ ಹೆಂಡತಿಯ ಜೊತೆ ಒಂದು ರಾತ್ರಿ ಕಳೆದಿದ್ದಾನೆ. ಬೆಳಿಗ್ಗೆ ಅಂಗಿ ಜೇಬಲ್ಲಿದ್ದ ಲಕೋಟೆ ಒಡೆಯುತ್ತಾನೆ. ಒಳಗೆ ಬೀಗದ ಕೈ, ಅದೇ ಕ್ಲಬ್ಬಿನದ್ದು. ಇವತ್ತು ರಾತ್ರಿ ನಾನು ಸ್ವಲ್ಪ ಹೊರಗೆ ಹೋಗಬೇಕು ಅಂತ ಹೆಂಡತಿಗೆ ಕೂಗಿ ಹೇಳುತ್ತಾನೆ. ಉತ್ತರ ಇಲ್ಲ. ಕೋಣೆಗೆ ಇಣುಕಿದರೆ ಗೋಡೆ ತುಂಬ ಜೇಡ.

ಆ ಜೇಡ ಅವನ ಮೇಲೆ ಹಾರುವುದಿಲ್ಲ. ಕಾಲುಗಳನ್ನು ಒಳಗೆ ಎಳೆದುಕೊಂಡು ಗೋಡೆಗೆ ಒತ್ತಿಕೊಳ್ಳುತ್ತದೆ. ಬಚ್ಚಲಲ್ಲಿ ಲೈಟ್ ಹಾಕಿದ ಕೂಡಲೇ ಮೂಲೆಗೆ ಸರಿಯುವ ಜೇಡ ನೋಡಿದ್ದೀರಲ್ಲ, ಹಾಗೆ. ಯಾಕೆಂದರೆ ಬಾಗಿಲಲ್ಲಿ ನಿಂತವನ ಜೇಬಲ್ಲಿ ಜೇಡ ತುಳಿಯುವ ಕೋಣೆಯ ಬೀಗದ ಕೈ ಇದೆ. ಹೆದರಿದ್ದು ಅದು, ಅವನಲ್ಲ. ಅವನ ಮುಖದಲ್ಲಿ ಭಯವೂ ಇಲ್ಲ, ಒಂದು ನಿಟ್ಟುಸಿರು ಅಷ್ಟೇ. ಬಸ್ ತಪ್ಪಿದವನ ನಿಟ್ಟುಸಿರು.

ಆರು ಜನ ಒಂದೂವರೆ ಗಂಟೆ ನೋಡಿ ತಪ್ಪಿಸಿಕೊಂಡದ್ದನ್ನು ನಿಮ್ಮ ಅತ್ತೆ ಸ್ವಿಚ್ಚಿನ ಹತ್ತಿರ ನಿಂತು ಅರ್ಧ ನಿಮಿಷದಲ್ಲಿ ಹೇಳಿಬಿಟ್ಟರು. ನಾನು ಇದನ್ನು ಕಾಣಲು ಮೂರನೇ ಪ್ರದರ್ಶನ ಬೇಕಾಯಿತು. ಅವರನ್ನು ನನ್ನ ತರಗತಿಗೆ ಕಳಿಸಿ ಅಂತ ಕೇಳುವ ಧೈರ್ಯ ಇಲ್ಲ, ಬೈಯುತ್ತಾರೆ.

ಹಾಗಾದರೆ ಹೆಂಗಸರನ್ನು ದ್ವೇಷಿಸುವ ಚಿತ್ರವಾ? ನನ್ನ ಅಭಿಪ್ರಾಯ, ಅಲ್ಲ. ಹೆಂಗಸರಿಗೆ ಹೆದರುವ, ಹೆದರಿ ಓಡುವ, ಓಡಿದ ಮೇಲೆ ಮತ್ತೆ ಅಲ್ಲೇ ಹೋಗುವ ಒಬ್ಬ ಗಂಡಸಿನ ಕಣ್ಣಿನಿಂದ ಕಂಡ ಚಿತ್ರ. ಹೆಂಡತಿ ಬಸುರಿ ಅಂದ ಕೂಡಲೇ ಅವನಿಗೆ ಅವಳು ಬಲೆಯಾಗಿ ಕಾಣುತ್ತಾಳೆ. ಜೇಡ ಇರುವುದು ಅವನ ಕಣ್ಣಲ್ಲಿ. ಆದರೂ ನಿಮ್ಮ ಕಸಿವಿಸಿಯನ್ನು ನಾನು ತಳ್ಳಿಹಾಕುವುದಿಲ್ಲ. ಇಡೀ ಚಿತ್ರ ಅವನ ಕಣ್ಣಲ್ಲೇ ನಡೆಯುವುದರಿಂದ ಮೇರಿಗೆ ಅನ್ಯಾಯ ಆಗಿದೆ. ಅವಳು ಏನು ಓದುತ್ತಾಳೆ, ಏನು ಯೋಚಿಸುತ್ತಾಳೆ ಒಂದೂ ಗೊತ್ತಾಗುವುದಿಲ್ಲ. ಸಾಯುವುದು ಮಾತ್ರ ಗೊತ್ತಾಗುತ್ತದೆ. ಇದು ನನ್ನ ದೂರು. ನಿರ್ದೇಶಕನ ಅಭಿಮಾನಿಗಳು ಒಪ್ಪುವುದಿಲ್ಲ.

ಹೆಲೆನ್ ವಿಷಯದಲ್ಲಿ ಹಾಗಲ್ಲ. ಸಾರಾ ಗ್ಯಾಡನ್ ಮಾಡಿದ ಆ ಪಾತ್ರಕ್ಕೆ ಕೆನಡಾದ ರಾಷ್ಟ್ರೀಯ ಚಿತ್ರ ಪ್ರಶಸ್ತಿಯೂ ಬಂತು. ಆಡಮ್ ಗಂಡನ ವೇಷದಲ್ಲಿ ಮನೆಗೆ ಬಂದ ರಾತ್ರಿ ಅವಳು ಮೆಲ್ಲಗೆ ಕೇಳುತ್ತಾಳೆ, ಇವತ್ತು ಶಾಲೆ ಹೇಗಿತ್ತು ಅಂತ. ಗಂಡ ನಟ. ಶಾಲೆ ಎಲ್ಲಿಯದು? ಅಂದರೆ ಅವಳಿಗೆ ಗೊತ್ತು. ಗೊತ್ತಿದ್ದೂ ಹೊರಗೆ ಹಾಕುವುದಿಲ್ಲ. ನಮಗೆ ಇದು ಹೊಸದಲ್ಲ. ಕಾರ್ನಾಡರ ‘ನಾಗಮಂಡಲ’ದ ರಾಣಿಯನ್ನು ನೆನಪಿಸಿಕೊಳ್ಳಿ. ಹೆಸರು ನಮ್ಮ ಕರಾವಳಿಯ ಆರಾಧನೆಯದ್ದೇ ಆದರೂ ಕಥೆ ಬೇರೆ. ಹಗಲು ಬೀಗ ಹಾಕಿ ಸೂಳೆ ಮನೆಗೆ ಹೋಗುವ ಗಂಡ ಅಪ್ಪಣ್ಣ, ರಾತ್ರಿ ಅವನ ರೂಪದಲ್ಲಿ ಬರುವ ನಾಗ. ಕ್ರೂರಿಗಿಂತ ಅವನ ಡಬಲ್ಲೇ ಒಳ್ಳೆಯ ಗಂಡ. ಆ ನಾಟಕವೂ ಒಂದು ಮುಕ್ತಾಯಕ್ಕೆ ಒಪ್ಪುವುದಿಲ್ಲ. ಕಥೆ ಕೇಳುತ್ತಿದ್ದ ದೀಪಗಳು ತಕರಾರು ತೆಗೆದು ಮತ್ತೊಂದು ಕೊನೆ ಕೇಳುತ್ತವೆ. 1988ರಲ್ಲೇ ನಾವು ಇದನ್ನು ಸಲೀಸಾಗಿ ಒಪ್ಪಿಕೊಂಡೆವು. ಕೆನಡಾದ ಚಿತ್ರ ಅದೇ ಮಾಡಿದರೆ ಮೋಸ ಅನ್ನುತ್ತೇವೆ.

ಇನ್ನು ನೀವು ಏನು ಮಾಡಬಹುದು.

ಬಿಟ್ಟುಬಿಡುವುದು ಒಂದು ದಾರಿ. ನೂರಾರು ಒಳ್ಳೆ ಸಿನಿಮಾ ಇವೆ, ಇದೊಂದು ಅರ್ಥ ಆಗದಿದ್ದರೆ ನಷ್ಟ ಇಲ್ಲ. ತೊಂದರೆ ಅಂದರೆ ನಿಮ್ಮ ವಿಷಯದಲ್ಲಿ ಅದು ಬಿಟ್ಟ ಹಾಗೆ ಆಗುವುದಿಲ್ಲ. ಜಗಳ ಸಿನಿಮಾದ್ದಲ್ಲ, ‘ನಿನಗೆ ಅರ್ಥ ಆಗಿಲ್ಲ’ ಅನ್ನುವುದರದ್ದು.

ಯೂಟ್ಯೂಬಿನಲ್ಲಿ ವಿವರಣೆ ನೋಡುವುದು ಎಲ್ಲರೂ ಮಾಡುವ ಕೆಲಸ. ನೋಡಬೇಡಿ ಅಂತ ಹೇಳುವುದಿಲ್ಲ. ಆದರೆ ಹತ್ತು ನಿಮಿಷದ ವಿಡಿಯೋದಲ್ಲಿ ಎಲ್ಲವೂ ಸರಾಗವಾಗಿ ಕೂಡಿಕೊಳ್ಳಬೇಕು, ಹಾಗಾಗಿ ಅವರ ಲೆಕ್ಕಕ್ಕೆ ಒಗ್ಗದ ದೃಶ್ಯವನ್ನು ಬಿಟ್ಟುಬಿಡುತ್ತಾರೆ. ನಾನು ಬೋರ್ಡಿನಲ್ಲಿ ಮಾಡಿದ್ದೂ ಅದೇ. ಒಂದು ಸಲ ಬಾಣದ ಗುರುತು ತಲೆಯಲ್ಲಿ ಕೂತರೆ ಆಮೇಲೆ ಹೆಲೆನ್ ಮುಖ ಕಾಣುವುದಿಲ್ಲ, ಬಾಣವೇ ಕಾಣುತ್ತದೆ.

ಕಾದಂಬರಿ ಓದುವುದಾದರೆ ಧಾರಾಳವಾಗಿ ಓದಿ, ಇಂಗ್ಲಿಷಿನಲ್ಲಿ ಸಿಗುತ್ತದೆ. ವಾಕ್ಯಗಳು ಮೈಲುದ್ದ, ಆದರೆ ನಗಿಸುತ್ತದೆ. ಸಿನಿಮಾದ ಹಾಗೆ ಉಸಿರು ಕಟ್ಟಿಸುವುದಿಲ್ಲ. ಜೇಡದ ಉತ್ತರ ಮಾತ್ರ ಅಲ್ಲಿ ಹುಡುಕಬೇಡಿ.

ಮತ್ತೊಮ್ಮೆ ನೋಡುವುದು ನನಗೆ ಇಷ್ಟದ ದಾರಿ, ಆದರೆ ಈಗಲೇ ಬೇಡ. ಹೆರಿಗೆ ಆಗಿ, ಮಗು ರಾತ್ರಿ ಮಲಗಲು ಕಲಿತ ಮೇಲೆ ನೋಡಿ. ಆಗ ಬೇರೆಯೇ ಸಿನಿಮಾ ಕಾಣಬಹುದು. ಅಷ್ಟು ದಿನ ಕಾಯಲು ಆಗದಿದ್ದರೆ ಭಾನುವಾರ ಮಧ್ಯಾಹ್ನ, ಕಿಟಕಿ ತೆರೆದು, ಗಂಡನ ಜೊತೆ ಮಾತ್ರ ನೋಡಿ. ಗೆಳೆಯರ ಗುಂಪು ಬೇಡ. ಗುಂಪಿನಲ್ಲಿ ಎಲ್ಲರಿಗೂ ಗೆಲ್ಲುವ ಚಪಲ. ಇದರಲ್ಲೂ ಅಪಾಯ ಇದೆ. ಬಸುರಿ ಹೆಂಡತಿಗೆ ಹೆದರಿ ಓಡುವ ಗಂಡನ ಕಥೆಯನ್ನು ಇಬ್ಬರೇ ಕೂತು ನೋಡುವಾಗ ಮಾತು ಸಿನಿಮಾ ಬಿಟ್ಟು ಮನೆಯ ಒಳಗೆ ಬರಬಹುದು. ಮೊದಲ ಮಗು ಬರುವ ಹೊತ್ತಿಗೆ ಗಂಡಸರಿಗೂ ಭಯ ಇರುತ್ತದೆ, ಹೇಳಲು ಬರುವುದಿಲ್ಲ. ‘ಸ್ಕಿಜೋಫ್ರೇನಿಯಾ’ ಅಂತ ದೊಡ್ಡ ಹೆಸರು ಹೇಳಿ ಪಕ್ಕಕ್ಕೆ ಸರಿಯುವುದು ಸುಲಭ. ನಿಮ್ಮವರು ಹಾಗೆ ಅಂತ ನಾನು ಹೇಳುತ್ತಿಲ್ಲ, ನನಗೆ ಅವರ ಪರಿಚಯ ಇಲ್ಲ. ನಾಲ್ಕು ಪ್ರದರ್ಶನದಲ್ಲಿ ಜೋರಾಗಿ ಅರ್ಥ ಹೇಳಿದವರೆಲ್ಲ ಗಂಡಸರು, ಸುಮ್ಮನೆ ಕೂತು ಆಮೇಲೆ ಒಂದು ಪ್ರಶ್ನೆ ಕೇಳಿದವರು ಹೆಚ್ಚಾಗಿ ಹೆಂಗಸರು. ಅಷ್ಟು ಮಾತ್ರ ನೋಡಿದ್ದೇನೆ.

ಬೆಂಚಿನ ದೃಶ್ಯ ಬಂದಾಗ ಒಂದು ಸಲ ನಿಲ್ಲಿಸಿ. ಇಬ್ಬರಾ ಒಬ್ಬನಾ ಅಂತ ಕೇಳಬೇಡಿ. ಆ ಹೊತ್ತಿಗೆ ಅವಳಿಗೆ ಏನನ್ನಿಸಿರಬಹುದು ಅಂತ ನಿಮ್ಮವರನ್ನು ಕೇಳಿ. ಅವರು ಸ್ವಲ್ಪ ಹೊತ್ತು ಮಾತಾಡದಿದ್ದರೆ ನೀವೂ ಸುಮ್ನೆ ಕಾಯಿರಿ. ಅತ್ತೆ ಆ ಕಡೆ ಬಂದರೆ ಕೂರಿಸಿಕೊಳ್ಳಿ, ಕೊನೆಯ ದೃಶ್ಯಕ್ಕೆ ಮಾತ್ರ. ಮೊದಲ ಒಂದು ಗಂಟೆಯಲ್ಲಿ ಬಟ್ಟೆ ಸ್ವಲ್ಪ ಕಮ್ಮಿ ಇದೆ.